ಇಪ್ಪತ್ತು ನಿಮಿಷ ತಂಪು, ಆಮೇಲೆ ಬಿಸಿಗಾಳಿ: ಹಳೇ ಲಾರಿಯ ಎಸಿ ಬಗ್ಗೆ ಓದುಗರ ಪ್ರಶ್ನೆಗಳು

ಬಿಸಿಲು ಏರುತ್ತಿದ್ದಂತೆ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. 2025ರಲ್ಲಿ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಯಿತು. ಹಳೇ ಗಾಡಿಯವರೂ ವರ್ಷಗಟ್ಟಲೆ ಕೆಟ್ಟು ನಿಂತಿದ್ದ ಎಸಿಯನ್ನು ಮನೆ ಮುಂದೆಯೇ ಬಿಚ್ಚುತ್ತಿದ್ದಾರೆ. ಬಿಚ್ಚಲಿ. ಮೇ ತಿಂಗಳ ಮಧ್ಯಾಹ್ನ ಗದಗ ದಾಟಿ ಹೊಸಪೇಟೆಗೆ ಹೋಗುವ ಚಾಲಕನಿಗೆ ತಂಪು ಗಾಳಿ ಶೋಕಿಯಲ್ಲ. ಆದರೆ ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ಎಲ್ಲರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೇ ಹೆಚ್ಚು ಜಾಗ.

ಹಳೇ ಲಾರಿಯ ಎಸಿಗೆ ಕಂಪ್ರೆಸರ್, ಪೈಪ್ ಎರಡನ್ನೂ ನಾನೇ ಬದಲಿಸಿದೆ. ಬೈಪಾಸ್ ಪಕ್ಕದ ಅಂಗಡಿಯಲ್ಲಿ ಗ್ಯಾಸ್ ಹಾಕಿಸಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ತಂಪಾಗುತ್ತೆ, ಆಮೇಲೆ ಬಿಸಿಗಾಳಿ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ತಂಪು. ಇನ್ನೊಂದಿಷ್ಟು ಗ್ಯಾಸ್ ಹಾಕಿಸಲಾ ಸರ್? (ರಾಣೆಬೆನ್ನೂರಿನ ಲಾರಿ ಮಾಲೀಕರು)

ಬೇಡ. ಗ್ಯಾಸ್ ಕಮ್ಮಿ ಇದ್ದಿದ್ದರೆ ಮೊದಲ ನಿಮಿಷದಿಂದಲೇ ತಂಪು ಕಮ್ಮಿ ಇರುತ್ತಿತ್ತು. ನಿಮ್ಮ ಪೈಪುಗಳ ಒಳಗೆ ನೀರಿನ ಪಸೆ ಸೇರಿಕೊಂಡಿದೆ. ಎಕ್ಸ್‌ಪಾನ್ಷನ್ ವಾಲ್ವಿನ (ಗ್ಯಾಸ್ ಹಿಗ್ಗಿ ತಣ್ಣಗಾಗುವ ಜಾಗ) ರಂಧ್ರ ತೀರಾ ಸಣ್ಣದು. ಅಲ್ಲಿ ಗ್ಯಾಸ್ ಶೂನ್ಯಕ್ಕಿಂತ ಕೆಳಗೆ ತಣ್ಣಗಾದಾಗ ಆ ಪಸೆ ಹೆಪ್ಪುಗಟ್ಟಿ ರಂಧ್ರ ಮುಚ್ಚುತ್ತದೆ. ಆಫ್ ಮಾಡಿದರೆ ಕರಗುತ್ತದೆ, ಮತ್ತೆ ತಂಪು ಬರುತ್ತದೆ.

ಖಾತ್ರಿ ಮಾಡಿಕೊಳ್ಳಲು ಬಿಸಿಗಾಳಿ ಶುರುವಾದಾಗ ಎರಡು ವಿಷಯ ನೋಡಿ. ಬ್ಲೋವರ್ ಗಾಳಿ ಅಷ್ಟೇ ಜೋರಾಗಿದ್ದು, ನೀಲಿ ಗೇಜಿನ (ಕಡಿಮೆ ಒತ್ತಡದ ಕಡೆಯದು) ಮುಳ್ಳು ವ್ಯಾಕ್ಯೂಮ್ ಕಡೆ ಇಳಿದರೆ ವಾಲ್ವಿನಲ್ಲೇ ಮಂಜುಗಡ್ಡೆ. ಗಾಳಿಯೇ ಕಮ್ಮಿಯಾದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕೂತಿದೆ. ಆಗ ಥರ್ಮೋಸ್ಟಾಟ್ ಮತ್ತು ಬ್ಲೋವರ್ ನೋಡಬೇಕು, ಅದು ಬೇರೆ ಕಥೆ.

ನೀರು ಎಲ್ಲಿಂದ ಬಂತು? ಪೈಪಿನ ಬಾಯಿ ಮುಚ್ಚದೆ ರಾತ್ರಿಯೆಲ್ಲ ಬಿಟ್ಟಿರುತ್ತೀರಿ. ಪಸೆ ಹೀರುವ ಡಬ್ಬಿ, ಅಂದರೆ ಡ್ರೈಯರ್, ಹಳೇದನ್ನೇ ತಿರುಗಿ ಹಾಕಿರುತ್ತೀರಿ. ಅಂಗಡಿಯವನು ವ್ಯಾಕ್ಯೂಮ್ ಪಂಪ್ ಹಚ್ಚದೆ 'ಗ್ಯಾಸಿನಿಂದಲೇ ಗಾಳಿ ಹೊರಗೆ ತಳ್ತೀವಿ' ಅಂದಿರುತ್ತಾನೆ. ಇದು ಶುದ್ಧ ಮೋಸ. ಹಾಗೆ ತಳ್ಳಿದರೆ ಪಸೆ ಹೋಗುವುದಿಲ್ಲ. ಅದು ಗ್ಯಾಸ್ ಮತ್ತು ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ನಿಮ್ಮ ಹೊಸ ಕಂಪ್ರೆಸರನ್ನೇ ತಿನ್ನುತ್ತದೆ.

ಈಗ ಮೊದಲು ರಿಕವರಿ ಮಶೀನ್ ಇರುವ ಕಡೆ ಗ್ಯಾಸ್ ತೆಗೆಸಿ. ಗಾಳಿಗೆ ಬಿಡಬೇಡಿ. ಎಸಿಯ ಆರ್134ಎ ಗ್ಯಾಸ್ ಓಝೋನ್ ಪದರವನ್ನು ಕೆಡಿಸುವುದಿಲ್ಲ, ನಿಜ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಜಾಸ್ತಿ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಹೊಸ ಡ್ರೈಯರ್ ತನ್ನಿ. ಉಳಿದ ಎಲ್ಲ ಜಾಯಿಂಟ್ ಬಿಗಿಯಾದ ಮೇಲೆ, ಕೊನೆಗೆ ಅದರ ಮುಚ್ಚಳ ತೆಗೆದು ಕೂರಿಸಿ. ಒಳಗಿನ ಪುಡಿ ಹೊರಗಿನ ಪಸೆಯನ್ನೂ ಹೀರುತ್ತದೆ. ಓ-ರಿಂಗ್ ಎಲ್ಲವೂ ಹೊಸದು, ಕಂಪ್ರೆಸರ್ ಎಣ್ಣೆ ಸವರಿ ಹಾಕಿ, ಗ್ರೀಸ್ ಬೇಡ. ಎಣ್ಣೆಯ ನಂಬರ್ ಕಂಪ್ರೆಸರಿನ ಚೀಟಿಯಲ್ಲಿದೆ, ಪಕ್ಕದ ಗಾಡಿಯವರನ್ನು ಕೇಳಬೇಡಿ. ಎಣ್ಣೆಯೂ ಪಸೆ ಹೀರುತ್ತದೆ, ಹೋದ ವರ್ಷ ತೆರೆದಿಟ್ಟ ಡಬ್ಬಿ ಬಿಸಾಕಿ. ಹಳೇ ಎಣ್ಣೆಯಲ್ಲಿ ಲೋಹದ ಪುಡಿ ಕಂಡಿದ್ದರೆ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರನ್ನೂ ಬದಲಿಸಿ. ಈಗಿನ ಸಣ್ಣ ನಳಿಕೆಯ ಕಂಡೆನ್ಸರ್ ತೊಳೆದರೆ ಸ್ವಚ್ಛವಾಗುವುದಿಲ್ಲ.

ಆಮೇಲೆ ವ್ಯಾಕ್ಯೂಮ್, ಕನಿಷ್ಠ ಒಂದು ಗಂಟೆ. 'ಪುಸ್ತಕದಲ್ಲಿ 29 ಇಂಚು ಅಂತಿದೆ, ನನ್ನ ಪಂಪ್ ಮುಟ್ತಾ ಇಲ್ಲ' ಎಂದು ಬಹಳ ಮಂದಿ ಪಂಪನ್ನು ಬೈಯುತ್ತಾರೆ. ಆ ಪಾದರಸದ ಇಂಚಿನ ಲೆಕ್ಕ ಸಮುದ್ರಮಟ್ಟದ್ದು. ಹುಬ್ಬಳ್ಳಿ ಅದಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಮ್ಮಿ. ಒಳ್ಳೆಯ ಪಂಪ್ ಇದ್ದರೂ ಮುಳ್ಳು ಸುಮಾರು 27.5ಕ್ಕೆ ನಿಲ್ಲುತ್ತದೆ. ಅಷ್ಟು ಬಂದರೆ 30 ಡಿಗ್ರಿ ಬಿಸಿಯಲ್ಲೇ ಒಳಗಿನ ನೀರು ಕುದಿದು ಆವಿಯಾಗಿ ಹೊರಗೆ ಹೋಗುತ್ತದೆ. 25ರಲ್ಲೇ ನಿಂತರೆ ಕುದಿಯುವುದಿಲ್ಲ, ನೀರು ಅಲ್ಲೇ ಉಳಿಯುತ್ತದೆ. ಪಂಪ್ ಬಂದ್ ಮಾಡಿ ಅರ್ಧ ಗಂಟೆ ಕಾಯಿರಿ. ಮುಳ್ಳು ಸೊನ್ನೆಯ ಕಡೆ ಸ್ವಲ್ಪ ಏರಿ ನಿಂತರೆ ಪಸೆ ಇನ್ನೂ ಇದೆ, ಮತ್ತೆ ಎಳೆಯಿರಿ. ಏರುತ್ತಲೇ ಹೋದರೆ ಲೀಕ್. ಮಳೆ ಹಿಡಿದ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಗ್ಯಾಸನ್ನು ತೂಕ ಮಾಡಿ ಹಾಕಿಸಿ. ಎಷ್ಟು ಗ್ರಾಂ ಅನ್ನುವುದು ಗಾಡಿಯ ಚೀಟಿಯಲ್ಲಿರುತ್ತದೆ. ಪೈಪ್ ಮುಟ್ಟಿ 'ಸಾಕು' ಅನ್ನುವವರ ಹತ್ತಿರ ಹೋಗಬೇಡಿ. ಸ್ಪ್ಯಾನರ್ ಕೆಲಸ ನೀವು ಮನೆಯಲ್ಲಿ ಧಾರಾಳವಾಗಿ ಮಾಡಿ. ಪಂಪ್, ಗೇಜ್, ತಕ್ಕಡಿ ಇಲ್ಲದಿದ್ದರೆ ಗ್ಯಾಸಿನ ಕೆಲಸ ಮಾತ್ರ ಬೇಡ.

ಅಡುಗೆ ಗ್ಯಾಸ್ ಹಾಕಿದರೆ ಜಾಸ್ತಿ ತಂಪಂತೆ, ಅಗ್ಗವಂತೆ?

ಕೂಲಿಂಗ್ ಕಾಯಿಲ್ ಇರುವುದು ಕ್ಯಾಬಿನ್ ಒಳಗೆ. ಲೀಕ್ ಆದರೆ ನೀವು ಮಲಗುವ ಜಾಗದಲ್ಲೇ ಗ್ಯಾಸ್ ತುಂಬುತ್ತದೆ. ಒಂದು ಬೀಡಿ ಸಾಕು. ಹೀಗೆ ಹಾಕಿಕೊಡುವವರು ಮೆಕ್ಯಾನಿಕ್ ಅಲ್ಲ, ಕೊಲೆಗಡುಕರು.

ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕಾ?

ಇಲ್ಲ. ಅದು ಡೀಸೆಲ್ ಹಾಗೆ ಉರಿದು ಖರ್ಚಾಗುವುದಿಲ್ಲ. ಪ್ರತಿ ವರ್ಷ ಹಾಕಿಸುತ್ತಿದ್ದರೆ ಲೀಕ್ ಇದೆ. ಎಣ್ಣೆ ಜಿನುಗಿ ಧೂಳು ಅಂಟಿದ ಜಾಗ ಹುಡುಕಿ.

ಲೀಕ್ ಮುಚ್ಚುವ ಡಬ್ಬಿ ಹಾಕಬಹುದಾ?

ಬೇಡ. ವಾಲ್ವೂ ಮುಚ್ಚುತ್ತದೆ.

ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿ ಲೀಕ್ ನೋಡಬಹುದಾ?

ಆ ಗಾಳಿಯ ತುಂಬ ಪಸೆ. ರೆಗ್ಯುಲೇಟರ್ ಹಚ್ಚಿದ ಒಣ ನೈಟ್ರೋಜನ್ ಬಳಸಿ. ಆಕ್ಸಿಜನ್ ಸಿಲಿಂಡರ್ ಹತ್ತಿರವೂ ತರಬೇಡಿ, ಎಣ್ಣೆ ತಾಕಿದರೆ ಸ್ಫೋಟ.

ಹಾವೇರಿಯಿಂದ ಹತ್ತಿ ಹೇರುತ್ತೇವೆ. ಗಾಡಿ ನಿಂತಾಗ ತಂಪೇ ಇಲ್ಲ.

ಮೊದಲು ಕಂಡೆನ್ಸರಿನ ಮುಂದೆ ಬಗ್ಗಿ ನೋಡಿ. ಹತ್ತಿಯ ಎಳೆ, ಧೂಳು ಕಂಬಳಿಯಂತೆ ಕೂತಿರುತ್ತದೆ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಡಿ, ಪ್ರೆಶರ್ ಗನ್ ಹೊಡೆದರೆ ಫಿನ್ ಮಡಚುತ್ತದೆ. ಆಮೇಲೆ ಫ್ಯಾನ್ ತಿರುಗುತ್ತಿದೆಯಾ ನೋಡಿ.

ಕಾರಿನ ಕಂಪ್ರೆಸರ್ ಲಾರಿಗೆ ಹಾಕಿದೆ, ಅದರ ಕ್ಲಚ್ ಸುಟ್ಟಿತು.

ನಿಮ್ಮ ಲಾರಿ 24 ವೋಲ್ಟ್, ಕಾರಿನ ಕ್ಲಚ್ ಕಾಯಿಲ್ 12 ವೋಲ್ಟ್. ಸುಡದೆ ಇನ್ನೇನಾಗುತ್ತದೆ? 24ರ ಕಾಯಿಲ್ ಕೇಳಿ ತನ್ನಿ.