ಅಲ್ಸರೇಟಿವ್ ಕೊಲೈಟಿಸ್‌ಗೆ (ದೊಡ್ಡ ಕರುಳಿನ ಉರಿಯೂತ, ಹುಣ್ಣು) ಇಮ್ಯುನಿಟಿ ಸರಿಮಾಡೋ ಚೀನೀ ಮೂಲಿಕೆ ಯಾವುದು? ಉರಿಯೂತ ತಗ್ಗಿಸೋ ಮೆಸಲಮೈನ್ ಮದ್ದು ಬಿಡಬಹುದೇ?

ನನಗೂ ಇದೇ ಕಾಯಿಲೆ, ಇದೇ ಪ್ರಶ್ನೆ ನಾನೂ ಕೇಳಿದ್ದೆ. ನೇರವಾಗಿ ಹೇಳ್ತೀನಿ: ಮೆಸಲಮೈನ್ ಬಿಡಬೇಡಿ. ಇನ್ನು 'ಇಮ್ಯುನಿಟಿ ಸರಿಮಾಡೋ ಮೂಲಿಕೆ' ಅಂತ ನೀವು ಹುಡುಕ್ತಿರೋದು ಚೀನೀ ವೈದ್ಯ ಪದ್ಧತಿಯಲ್ಲೇ ಇಲ್ಲ. ಅಲ್ಲಿನ ವೈದ್ಯರು ಕಾಯಿಲೆಯ ಹೆಸರಿಗಿಂತ ಈಗ ಅದು ಯಾವ ಹಂತದಲ್ಲಿದೆ ಅಂತ ನೋಡ್ತಾರೆ.

ರಕ್ತ, ಉರಿ, ಹೋಗಿ ಬಂದರೂ ಮತ್ತೆ ತಿಣುಕಾಟ, ನಾಲಿಗೆ ಮೇಲೆ ಹಳದಿ ಅಂಟು ಪದರ ಇದ್ದರೆ ದೊಡ್ಡ ಕರುಳಲ್ಲಿ ತೇವ-ಉಷ್ಣ ಸೇರಿದೆ ಅಂತ ಲೆಕ್ಕ. ಅದಕ್ಕೆ ಷಾವ್‌ಯಾವ್ ತಾಂಗ್ ಕಷಾಯ. ಪಿಯೋನಿ ಬೇರು, ಅತಿಮಧುರ, ದಾಲ್ಚಿನ್ನಿ ಜಾತಿಯ ಚಕ್ಕೆ, ನಮ್ಮ ಅಡಿಕೆ, ಜೊತೆಗೆ ರೇವಲ್ಚಿನ್ನಿ! ಭೇದಿಯಾಗೋರಿಗೆ ಭೇದಿ ಮದ್ದೇ? ಕಟ್ಟಿಕೊಂಡಿದ್ದನ್ನು ಹೊರಹಾಕದೆ ಭೇದಿ ನಿಲ್ಲಿಸಿದರೆ ಕೆಡುತ್ತೆ ಅನ್ನೋದು ಅವರ ತರ್ಕ. ಅಡಿಕೆ 'ಚೀ' (ಅವರ ಪ್ರಕಾರ ಮೈಯಲ್ಲಿ ಹರಿಯೋ ಜೀವಶಕ್ತಿ) ಹರಿಯೋ ಹಾಗೆ ಮಾಡಿ ತಿಣುಕಾಟ ತಗ್ಗಿಸುತ್ತೆ ಅಂತಾರೆ.

ಅದೇ ರೋಗಿಗೆ ರಕ್ತ ನಿಂತು ಸುಸ್ತು, ತೆಳು ಭೇದಿ, ನಾಲಿಗೆಯ ಅಂಚಲ್ಲಿ ಹಲ್ಲಿನ ಗುರುತು ಕಂಡರೆ ಗುಲ್ಮ (ಸ್ಪ್ಲೀನ್; ಅವರ ಲೆಕ್ಕದಲ್ಲಿ ಜೀರ್ಣಶಕ್ತಿ ನೋಡಿಕೊಳ್ಳೋ ಅಂಗ) ಸೋತಿದೆ ಅಂತ ಅರ್ಥ. ಜಿನ್ಸೆಂಗ್, ತಾವರೆ ಬೀಜ ಇರೋ ಶೆನ್ ಲಿಂಗ್ ಬಾಯ್ ಝೂ ಸಾನ್ ಕೊಡ್ತಾರೆ. ಬೆಳಗಿನ ಜಾವದ ಭೇದಿಗೆ ಜಾಜಿಕಾಯಿ, ಬಾವಂಚಿ ಬೀಜ ಸೇರಿದ ಸಿ ಶೆನ್ ವಾನ್. ಮೊದಲ ಕಷಾಯವನ್ನೇ ಇಲ್ಲಿಗೂ ಮುಂದುವರಿಸಿದರೆ ಅವರ ಲೆಕ್ಕದಲ್ಲೂ ತಪ್ಪೇ.

ಜನ ನಿಜವಾಗಿ ಕೈ ಸುಟ್ಟುಕೊಳ್ಳೋದು ಛಿಂಗ್ ದಾಯ್‌ನಿಂದ, ಅಂದರೆ ನೀಲಿ (ಇಂಡಿಗೊ) ಗಿಡಗಳ ಎಲೆಯಿಂದ ತೆಗೆದ ಪುಡಿಯಿಂದ. ಅದು ಕೆಲಸ ಮಾಡುತ್ತೆ, ತೊಂದರೆ ಇರೋದೇ ಅಲ್ಲಿ. 2018ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 86 ರೋಗಿಗಳಿದ್ದರು; 8 ವಾರಕ್ಕೆ ದಿನಕ್ಕೆ 1 ಗ್ರಾಂ ತಗೊಂಡವರಲ್ಲಿ 75%, ಹುಸಿ ಮದ್ದಿನವರಲ್ಲಿ ಸುಮಾರು 14% ಮಂದಿಗೆ ಸುಧಾರಣೆ ಕಂಡಿತು. ಕರುಳಿನ ಕೋಶಗಳಲ್ಲಿರೋ ಎಎಚ್‌ಆರ್ ಅನ್ನೋ ಗ್ರಾಹಿ ಪ್ರೋಟೀನ್‌ಗಳನ್ನು ಎಬ್ಬಿಸಿ ಒಳಪದರ ಮಾಯಿಸುತ್ತೆ ಅನ್ನೋದು ವಿವರಣೆ. ಆದರೆ ಆ ಅಧ್ಯಯನವನ್ನೇ ನಡುವೆ ನಿಲ್ಲಿಸಬೇಕಾಯಿತು: ಹೊರಗೆ ಸ್ವಂತವಾಗಿ ಈ ಪುಡಿ ತಗೊಂಡ ರೋಗಿಯಲ್ಲಿ ಶ್ವಾಸಕೋಶದ ಅಪಧಮನಿಯ ರಕ್ತದೊತ್ತಡ ಏರಿದ್ದು ವರದಿಯಾಗಿತ್ತು. 2016ರಲ್ಲೇ ಜಪಾನಿನ ಆರೋಗ್ಯ ಸಚಿವಾಲಯ ಎಚ್ಚರಿಕೆ ಕೊಟ್ಟಿತ್ತು. ಹೊಟ್ಟೆ ಹಗುರವಾಯ್ತು ಅಂತ ಹಿಗ್ಗೋವಾಗ ಮೆಟ್ಟಿಲಲ್ಲಿ ಬರೋ ಏದುಸಿರನ್ನು ಯಾರೂ ಪುಡಿಗೆ ತಳುಕು ಹಾಕಲ್ಲ.

ಈ ಪುಡಿ ಈಗಾಗಲೇ ತಗೊಳ್ತಿದ್ದರೆ ಪೊಟ್ಟಣ ಹಿಡ್ಕೊಂಡೇ ನಿಮ್ಮ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗಿ; ಎಕೋ (ಹೃದಯದ ಸ್ಕ್ಯಾನ್), ಎಎಲ್‌ಟಿ (ಲಿವರ್‌ನ ರಕ್ತಪರೀಕ್ಷೆ) ಮಾಡಿಸಬೇಕಾ ಕೇಳಿ. ಏದುಸಿರು, ಕಾಲು ಊತ ಇದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.