ಹೊಟ್ಟೆಗೆ ಹಿತವಾಗುವಂಥ ಬಾಳೆಹಣ್ಣಿನ ಬ್ರೆಡ್ ಮಾಡುವುದು ಹೇಗೆ?

ಮೈದಾ ಬಿಟ್ಟು ನಾರಿನಂಶ ಹೆಚ್ಚಿಸಿ, ಸಕ್ಕರೆ ತೆಗೆಯಿರಿ. ಮುಖ್ಯವಾದದ್ದು ಇಷ್ಟೇ.

ಒಂದೂವರೆ ಕಪ್ ಗೋಧಿ ಹಿಟ್ಟು, ಅರ್ಧ ಕಪ್ ಓಟ್ಸ್, ಒಂದು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಬೆರೆಸಿಕೊಳ್ಳಿ. ಬೇರೆ ಪಾತ್ರೆಯಲ್ಲಿ ಕಪ್ಪು ಚುಕ್ಕೆ ಬಿದ್ದ ಮೂರು ದೊಡ್ಡ ಹಣ್ಣು ಕಿವುಚಿ, ಅರ್ಧ ಕಪ್ ಮೊಸರು, ಕಾಲು ಕಪ್ ಎಣ್ಣೆ, ಎರಡು ಮೊಟ್ಟೆ ಹಾಕಿ. ಹಣ್ಣು ಕಳಿತಷ್ಟೂ ಅದರ ಪಿಷ್ಟ ಸಕ್ಕರೆಯಾಗಿರುತ್ತದೆ, ಹಾಗಾಗಿ ಸಿಹಿಗೆ ಅದೇ ಸಾಕು. ಎರಡನ್ನೂ ಸೇರಿಸಿ ಹಗುರವಾಗಿ ಕಲಸಿ. ಜಾಸ್ತಿ ಕಲಸಿದರೆ ಬ್ರೆಡ್ ಗಟ್ಟಿಯಾಗುತ್ತದೆ. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 50ರಿಂದ 60 ನಿಮಿಷ ಬೇಯಿಸಿ, ಪೂರ್ತಿ ಆರಿದ ಮೇಲೆ ಕತ್ತರಿಸಿ.

ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾ ಸಿಗುತ್ತದೆ ಅಂತ ಹಲವರು ಹೇಳುತ್ತಾರೆ. ಓವನ್ ಬಿಸಿಗೆ ಅವು ಉಳಿಯುತ್ತವಾ? ಇಲ್ಲ. ಮೊಸರಿನ ಹುಳಿ ಸೋಡಾ ಜೊತೆ ಸೇರಿ ಬ್ರೆಡ್ ಉಬ್ಬಿಸುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ ಬೇಕಿದ್ದರೆ ತಿನ್ನುವಾಗ ಪಕ್ಕದಲ್ಲಿ ಮೊಸರು ಇಟ್ಟುಕೊಳ್ಳಿ. ಕರುಳಿಗೆ ನಿಜವಾಗಿ ನೆರವಾಗುವುದು ಓಟ್ಸ್ ಮತ್ತು ಗೋಧಿಯ ನಾರು. ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ.

ಐಬಿಎಸ್ (ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಪದೇ ಪದೇ ಕಾಡುವ ಕರುಳಿನ ತೊಂದರೆ) ಇರುವವರಿಗೆ ಮಾತ್ರ ಒಂದು ಎಚ್ಚರಿಕೆ: ತುಂಬಾ ಕಳಿತ ಬಾಳೆಹಣ್ಣು, ಗೋಧಿ ಎರಡರಲ್ಲೂ ಫ್ರಕ್ಟಾನ್ ಎಂಬ, ಸಣ್ಣ ಕರುಳಿನಲ್ಲಿ ಜೀರ್ಣವಾಗದ ಕಾರ್ಬೋಹೈಡ್ರೇಟ್ ಇರುವುದರಿಂದ ಹೊಟ್ಟೆ ಉಬ್ಬರಿಸಬಹುದು. ಮೊದಲು ಒಂದು ತೆಳು ತುಂಡು ತಿಂದು ನೋಡಿ.