ಗೋರಿಕಲ್ಲಿನ ಮೇಲೆ ಸಂಬಳದ ಲೆಕ್ಕ

ಮಾನ್ಯರೇ,

ಹೋದ ಸಂಚಿಕೆಯಲ್ಲಿ ಪ್ರಕಟವಾದ ರೋಮನ್ ಸೈನಿಕರ ಗೋರಿಕಲ್ಲುಗಳ ಚಿತ್ರಗಳನ್ನು ನೋಡಿ ತಾವು ಬರೆದ ಪತ್ರ ತಲುಪಿದೆ. 'ವಯಸ್ಸು ನಲವತ್ತು, ಸೇವೆ ಹದಿನೈದು ವರ್ಷ ಎಂದು ಕೆತ್ತಿಸಿದ್ದಾರಲ್ಲ, ಇದು ಸಮಾಧಿಯೋ, ಸರ್ಕಾರಿ ನೌಕರನ ಸೇವಾ ಪುಸ್ತಕವೋ? ಸತ್ತವನಿಗಾಗಿ ಅಳುವವರು ಯಾರೂ ಇರಲಿಲ್ಲವೇ?' ಎಂದು ಕೇಳಿದ್ದೀರಿ. ಇನ್ನೊಂದು ಚಿತ್ರದಲ್ಲಿ ಸೈನಿಕನ ಅಕ್ಕಪಕ್ಕ ಕಾಣುವ ಎರಡು ತಲೆಗಳು ಅವನ ಮಕ್ಕಳವೇ ಎಂಬುದು ತಮ್ಮ ಎರಡನೆಯ ಪ್ರಶ್ನೆ.

ಉತ್ತರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಆ ನಲವತ್ತು-ಹದಿನೈದರ ಕಲ್ಲು ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿರುವ, ಲಾಂಗಿನಸ್ ಎಂಬ ಸವಾರನದು. ಅದರ ಚಿತ್ರದಡಿ 'ಮುಖವನ್ನು ಬೌಡಿಕಾ ರಾಣಿಯ ದಂಗೆಕೋರರು ಒಡೆದರು' ಎಂದು ಅಚ್ಚು ಹಾಕಿದ್ದೆವು. ಹಳೆಯ ಪುಸ್ತಕಗಳ ಮಾತನ್ನು ಪರಿಶೀಲಿಸದೆ ಎತ್ತಿಕೊಂಡದ್ದು ನಮ್ಮ ತಪ್ಪು. 1928ರಲ್ಲಿ ಕಲ್ಲು ಸಿಕ್ಕಾಗ ಅದಕ್ಕೆ ಮುಖವಿರಲಿಲ್ಲ, ಕ್ರಿ.ಶ. 60-61ರಲ್ಲಿ ಬ್ರಿಟನ್ನಿನ ಬೌಡಿಕಾ ರೋಮನ್ನರ ವಿರುದ್ಧ ಎಬ್ಬಿಸಿದ ದಂಗೆಯನ್ನು ತಂದು ಅದಕ್ಕೆ ಗಂಟು ಹಾಕಿದರು. 1996ರಲ್ಲಿ ಅದೇ ಜಾಗವನ್ನು ಮತ್ತೆ ಅಗೆದಾಗ ಮುಖವೂ ಸಿಕ್ಕಿತು. 1928ರಲ್ಲಿ ಕಲ್ಲನ್ನು ಹೊರತೆಗೆಯುವಾಗಲೇ ಅದು ಒಡೆದಿರಬೇಕು ಎಂಬುದು ಈಗಿನ ಅಭಿಪ್ರಾಯ. ಪಾಪ, ಮಾಡದ ತಪ್ಪಿಗೆ ರಾಣಿ ಅರವತ್ತೆಂಟು ವರ್ಷ ಹೊಣೆಯಾಗಿದ್ದಳು. ನಾವು ಇನ್ನೊಂದು ತಿಂಗಳು ಸೇರಿಸಿದೆವು.

ಇನ್ನು ಸೇವಾ ಪುಸ್ತಕದ ಮಾತು. ತಮ್ಮ ಗುಮಾನಿ ಪೂರ್ತಿ ಸುಳ್ಳಲ್ಲ. ನಾವು 'ಸೇವೆಯ ವರ್ಷ' ಎಂದು ಕನ್ನಡಿಸಿದ ಪದದ ಮೂಲ ಅರ್ಥ ಕಂಚು, ಅಂದರೆ ಕಾಸು, ಸಂಬಳ. ಲಾಂಗಿನಸ್‌ನ ದರ್ಜೆ 'ಡುಪ್ಲಿಕೇರಿಯಸ್'. ಹಾಗೆಂದರೂ ಇಮ್ಮಡಿ ಸಂಬಳದವನು ಎಂದೇ. ಆದರೆ ಆ ಹದಿನೈದು ಎಂಬ ಅಂಕಿಯನ್ನು ಅಂದಿನವರ ಕಣ್ಣಿನಿಂದ ಓದಬೇಕು. ಆತ ಥ್ರೇಸ್ ದೇಶದ ಅಶ್ವದಳದವನು, ಊರು ಇಂದಿನ ಬಲ್ಗೇರಿಯದ ಸೋಫಿಯಾದ ಸೀಮೆ. ರೋಮನ್ ಪೌರನಲ್ಲದವನು ಇಂಥ ದಳದಲ್ಲಿ ಸಾಮಾನ್ಯವಾಗಿ ಇಪ್ಪತ್ತೈದು ವರ್ಷ ದುಡಿದರೆ ಪೌರತ್ವ ಸಿಗುತ್ತಿತ್ತು. ಊರ ಹೊರಗಿನ ದಾರಿಯಲ್ಲಿ ಹೋಗುವ ಇನ್ನೊಬ್ಬ ಸವಾರ ಈ ಕಲ್ಲನ್ನು ಓದಿದರೆ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡುತ್ತಿದ್ದ: ಇನ್ನು ಹತ್ತೇ ವರ್ಷವಿತ್ತು. ಕೆತ್ತನೆಯೂ ಪೌರತ್ವದ ಅಂಚಿನಲ್ಲೇ ನಿಂತಿದೆ. ಲಾಂಗಿನಸ್ ಎಂಬುದು ರೋಮನ್ ಹೆಸರು. ಜೊತೆಗಿರುವ ಸ್ಡಪೆಜೆ, ತಂದೆಯ ಮಾಟಿಕಸ್ ಥ್ರೇಸ್‌ನವು. ಬರಹ ಲ್ಯಾಟಿನ್. ಚಿತ್ರದಲ್ಲಿ ಆತ ಕುದುರೆಯ ಮೇಲೆ ಕುಳಿತಿದ್ದಾನೆ, ಗೊರಸಿನಡಿ ಬೆತ್ತಲೆ ಶತ್ರು ಮುದುಡಿದ್ದಾನೆ. ಸಾಮ್ರಾಜ್ಯಕ್ಕೆ ಸೋತ ಜನಾಂಗದವನೇ ಸಾಮ್ರಾಜ್ಯದ ಗೆಲುವನ್ನು ಮೈಮೇಲೆ ಹೊದ್ದುಕೊಂಡ ಪರಿ ಇದು.

ಕಲ್ಲು ನೆಡಿಸಿದವರು ಉಯಿಲಿನ ಪ್ರಕಾರ ಅವನ ವಾರಸುದಾರರು. ಇಂಥ ವಾರಸುದಾರರು ಎಷ್ಟೋ ಸಲ ಜೊತೆಯ ಸೈನಿಕರೇ. ಸೇವೆಯಲ್ಲಿರುವವನ ಮದುವೆಗೆ ಎರಡನೆಯ ಶತಮಾನದ ಕೊನೆಯವರೆಗೂ ಕಾನೂನಿನ ಮಾನ್ಯತೆ ಇರಲಿಲ್ಲ. ಹಾಗೆಂದು ಸಂಸಾರ ಇರಲಿಲ್ಲವೇ? ಕಾನೂನು ಒಪ್ಪದ ಹೆಂಡತಿಯನ್ನು ಕಲ್ಲಿನ ಮೇಲೆ ರಾಜಾರೋಷವಾಗಿ 'ಹೆಂಡತಿ' ಎಂದೇ ಕೆತ್ತಿಸಿದವರಿದ್ದಾರೆ. ಅಂತ್ಯಕ್ರಿಯೆಗೆಂದು ದಳದವರೆಲ್ಲ ಚೂರುಪಾರು ಹಣ ಹಾಕುವ ಚೀಲವೊಂದು ಇತ್ತೆಂದು ರೋಮನ್ ಸೈನ್ಯದ ಬಗ್ಗೆ ಬರೆದ ಅಂದಿನ ಲೇಖಕ ವೆಜೀಶಿಯಸ್ ಹೇಳಿದ್ದಾನೆ. ಅಳುವವರು ಇದ್ದರು ಸ್ವಾಮಿ. ಅಳುವನ್ನು ಕೆತ್ತಿಸುವ ಬದಲು ದಳದ ಹೆಸರನ್ನು ಕೆತ್ತಿಸಿದರು, ಅಷ್ಟೇ.

ಎರಡು ತಲೆಗಳ ಚಿತ್ರ ಜರ್ಮನಿಯ ಬಾನ್ ನಗರದ ಮ್ಯೂಸಿಯಂನಲ್ಲಿರುವ ಮಾರ್ಕಸ್ ಕೇಲಿಯಸ್‌ನ ಕಲ್ಲಿನದು. ರೋಮನ್ ಸೇನೆಯ ದೊಡ್ಡ ದಳಗಳಾದ ಲೀಜನ್ನುಗಳ ಪೈಕಿ ಹದಿನೆಂಟನೆಯದರಲ್ಲಿ ಸೆಂಚೂರಿಯನ್, ಅಂದರೆ ಒಂದು ತುಕಡಿಯ ನಾಯಕ, ಹುಟ್ಟೂರು ಇಟಲಿಯ ಬೊಲೋನ್ಯ, ವಯಸ್ಸು ಐವತ್ಮೂರೂವರೆ. ಎದೆಯ ತುಂಬ ಪದಕ, ತಲೆಗೆ ಓಕ್ ಎಲೆಯ ಕಿರೀಟ, ಕೈಯಲ್ಲಿ ದ್ರಾಕ್ಷಿಬಳ್ಳಿಯ ಬೆತ್ತ. ಹುಟ್ಟಿನಿಂದಲೇ ಪೌರನಾದ ಇವನ ಕಲ್ಲಿನಲ್ಲಿ ಸೇವೆಯ ವರ್ಷಗಳ ಲೆಕ್ಕವೇ ಇಲ್ಲ, ಗಮನಿಸಿ. ಅಕ್ಕಪಕ್ಕದ ತಲೆಗಳು ಮಕ್ಕಳವಲ್ಲ. ಆತ ಬಿಡುಗಡೆ ಮಾಡಿದ ಗುಲಾಮರು, ಪ್ರಿವಾಟಸ್ ಮತ್ತು ಥಿಯಾಮಿನಸ್. ಇಬ್ಬರ ಹೆಸರಿನ ಮುಂದೆಯೂ 'ಮಾರ್ಕಸ್ ಕೇಲಿಯಸ್' ಎಂದಿದೆ. ಒಡೆಯನ ಹೆಸರೇ ಅವರ ಮನೆತನದ ಹೆಸರಾಯಿತು.

ಕ್ರಿ.ಶ. 9ರಲ್ಲಿ ರೋಮನ್ ಸೇನಾಪತಿ ವಾರಸ್‌ನ ಸೇನೆ ಜರ್ಮನಿಯ ಕಾಡಿನಲ್ಲಿ ನಾಶವಾದಾಗ ಕೇಲಿಯಸ್ ಬಿದ್ದ. ಮೂರು ಲೀಜನ್ನುಗಳು ಹೋದವು, ಆ ಸಂಖ್ಯೆಗಳನ್ನು ರೋಮ್ ಮತ್ತೆ ಯಾವ ದಳಕ್ಕೂ ಕೊಡಲಿಲ್ಲ. ಶವ ಮರಳಿ ಬರಲಿಲ್ಲ. ತಮ್ಮನೋ ಅಣ್ಣನೋ, ಪಬ್ಲಿಯಸ್ ಎಂಬ ಸಹೋದರ, ಬರಿಗೋರಿಯ ಮೇಲೆ ಈ ಕಲ್ಲನ್ನು ನಿಲ್ಲಿಸಿ ಒಂದು ಸಾಲು ಕೆತ್ತಿಸಿದ: 'ಮೂಳೆಗಳನ್ನು ಇಲ್ಲಿ ಇಡಬಹುದು.' ಯಾರ ಮೂಳೆ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಸಹೋದರ ಜಾಗ ಕಾದಿರಿಸಿದ್ದ ಎಂದು ನಾನು ಓದಿಕೊಂಡಿದ್ದೇನೆ.

— ಸಂಪಾದಕ